ಯಾರೂ ಇಲ್ಲ ಎಂದು ಬರೆದವಳು

ಆಶ್ರಮದ ಹಿರಿಯರಿಗೆ ನಮಸ್ಕಾರ.

ಇದನ್ನು ಹೇಳದೆಯೇ ಇದ್ದುಬಿಡಬಹುದಿತ್ತು, ಆಗಲಿಲ್ಲ. ದೀಕ್ಷೆ ಪಡೆಯಲಿರುವ ನನ್ನ ಗೆಳೆಯನ ಬಗ್ಗೆ ನೀವು ಕಳಿಸಿದ ಅರ್ಜಿಯಲ್ಲಿ, 'ಇವರನ್ನು ಪ್ರೀತಿಸಿ ಕಾಯುತ್ತಿರುವವರು ಇದ್ದಾರೆಯೇ?' ಎಂಬ ಪ್ರಶ್ನೆಗೆ 'ಯಾರೂ ಇಲ್ಲ' ಎಂದು ಬರೆದವಳು ನಾನು. "ನೀನೇ ಭರ್ತಿ ಮಾಡು ತಾಯಿ, ನನ್ನ ಬಂಡವಾಳ ಗೊತ್ತಿರೋಳು ನೀನೊಬ್ಳೇ," ಎಂದು ನಗುತ್ತಾ ಅವನೇ ಅದನ್ನು ನನ್ನ ಕೈಗೆ ಕೊಟ್ಟಿದ್ದ. ಬರೆದದ್ದು ಸುಳ್ಳು. ಅದು ಗೆಳೆತನವೋ ಹೇಡಿತನವೋ, ನನಗಿನ್ನೂ ತಿಳಿದಿಲ್ಲ.

ಹದಿನಾರು ವರ್ಷ ನಾವಿಬ್ಬರೂ ಒಂದೇ ಮೇಜಿನ ಮುಂದೆ ಕೂತು ಪುಸ್ತಕಗಳಿಗೆ ರಟ್ಟು ಕಟ್ಟಿದೆವು. ಅವನು ಹೋದ ಮೇಲೂ ಪಕ್ಕದಲ್ಲಿ ಕತ್ತರಿಯ ಸದ್ದು ಕೇಳಿಸುತ್ತದೆ. ಅಂಟಿಗಾಗಿ ಕೈ ಚಾಚುತ್ತೇನೆ. ನಿನ್ನೆ ಅವನೇ ಡಬ್ಬಿಯನ್ನು ಕೈಗಿಟ್ಟಂತಾಯಿತು.

ಅವನ ಹಾಸಿಗೆ ಕಿಟಕಿಯಿಂದ ದೂರವಿರಲಿ, ಕೆಮ್ಮುತ್ತಾನೆ. ಅವನಿಂದ ಪ್ರಾರ್ಥನೆ ಹಾಡಿಸಬೇಡಿ, ದೇವರೂ ಕಿವಿ ಮುಚ್ಚಿಕೊಂಡಾನು.

ದೀಕ್ಷೆ ಹನ್ನೆರಡನೇ ತಾರೀಕು ಎಂದು ಬಲ್ಲೆ.

ಇಂತಿ,
ಅವನ ಗೆಳತಿ

ಅಂಚೆಗೆ ಹಾಕುವುದು: ಹದಿಮೂರನೇ ತಾರೀಕು