ರಂಗ್ದಾ ಕೇಳಿದ ತುಂಡು

ಅಣ್ಣಾ,

ಗಂಡನ ಬೆಟ್ಟದೂರಿನ ಚಳಿಗೆ ನನ್ನ ಕೆಮ್ಮು ಇನ್ನೂ ಬಿಟ್ಟಿಲ್ಲ, ಅದಿರಲಿ. ನೀನು ಕೆತ್ತಿಕೊಟ್ಟ ಕೋರೆಹಲ್ಲಿನ ಮಾಟಗಾತಿ ರಂಗ್ದಾಳ ಮುಖವಾಡಕ್ಕೆ ನಿನ್ನೆ ಗುಡಿಯಲ್ಲಿ ಜೀವ ತುಂಬಿ, ಮಾವನನ್ನು ಕುಣಿಯಲು ನಿಲ್ಲಿಸಿದರು. "ಈ ಮುದುಕನಿಗೆ ಮಾಟಗಾತಿ ಮುಖ ಬೇರೆ ಬೇಕಾ, ಇರೋದೇ ಸಾಲ್ದಾ?" ಎಂದು ಅತ್ತೆ ಎಲ್ಲರನ್ನೂ ನಗಿಸಿದರು. ಮುಖವಾಡ ಕಟ್ಟಿದ್ದೇ ತಡ, ಮಾವ ನೇರ ನನ್ನ ಮುಂದೆ ಬಂದು ನಿಂತು ಹೆಂಗಸಿನ ದನಿಯಲ್ಲಿ, "ನನ್ನ ಮರದ ಮಿಕ್ಕ ತುಂಡು ಎಲ್ಲೇ? ಯಾವುದೋ ಕೂಸು ಅದನ್ನ ಕಚ್ತಾ ಇದೆ" ಎಂದರು. ಪೂಜಾರಿ ತೀರ್ಥ ಚಿಮುಕಿಸಿದ ಮೇಲೆ ಕುಸಿದು ಬಿದ್ದವರು ಇನ್ನೂ ಮಾತಾಡಿಲ್ಲ.

ಗುಡಿಗೆ ಒಪ್ಪಿಸಬೇಕಾಗಿದ್ದ ಆ ತುಂಡಿನಲ್ಲಿ ನೀನು ಮಗಳಿಗೆ ಗಿಲಕಿ ಮಾಡಿದ್ದನ್ನು ನಾನು ಯಾರಿಗೂ ಹೇಳಿಲ್ಲ. ಈ ಕಾರ್ಡ್ ಕಂಡ ಕೂಡಲೇ ಅದನ್ನು ಗುಡಿಗೆ ಕೊಟ್ಟುಬಿಡು. ಮಗುವಿಗೆ ಹಲ್ಲು ಹುಟ್ಟಿದ್ದರೆ, ಕೋರೆಯಲ್ಲ ತಾನೇ, ನೋಡಿ ಬರೆ.

ತಂಗಿ,
ಲುಹ್ ಸುಕರ್ತಿ