ಕೋಕೋ ಅಂಗಳಕ್ಕೆ ಎರಡು ವ್ಯಾನು

ಆಲ್ಬನ್,

ನೀನು ಏಳುವ ಮೊದಲೇ ಬಂದರಿಗೆ ಹೊರಟಿದ್ದೇನೆ, ಪ್ರವಾಸಿ ಹಡಗಿನವರನ್ನು ಕರೆತರಲು. ಹೌದು, ನಮ್ಮ ಕೋಕೋ ಅಂಗಳಕ್ಕೇ! "ಸಮುದ್ರ ಬಿಟ್ಟು ನಿನ್ನ ಕೋಕೋ ಬೀಜ ತುಳಿಯೋಕೆ ಯಾರು ಬರ್ತಾರೆ, ಅಕ್ಕಾ?" ಅಂದಿದ್ದೆಯಲ್ಲ? ಈಗಷ್ಟೇ ಪ್ರವಾಸದ ಏಜೆಂಟ್ ವರ್ಲಿನ್ ಫೋನ್ ಮಾಡಿದ್ದಳು: "ಅಕ್ಕಾ, ದೋಣೀನೂ ಬೇಡ, ಜಲಪಾತಾನೂ ಬೇಡ ಅಂದ್ರು. ನಿಮ್ಮ ಅಂಗಳಕ್ಕೆ ಎರಡು ವ್ಯಾನು ತುಂಬ್ತು!" ಇವತ್ತೂ ಯಾರೂ ಆರಿಸದಿದ್ದರೆ ಅವಳು ಬಂದರಿನ ಪ್ರವಾಸಗಳ ಫಲಕದಿಂದ ನಮ್ಮ ಹೆಸರು ಅಳಿಸುವವಳಿದ್ದಳು. ಇನ್ನು ಆ ಮಾತೇ ಇಲ್ಲ.

ಎದ್ದ ಕೂಡಲೇ ಬೀಜ ಒಣಗಿಸುವ, ಹಳಿ ಮೇಲಿನ ದೊಡ್ಡ ತಟ್ಟೆಗಳನ್ನು ಬಿಸಿಲಿಗೆ ಎಳೆ. ಅವುಗಳ ಚಕ್ರಕ್ಕೆ ನೀನು ಸದ್ದಿಲ್ಲದೆ ಎಣ್ಣೆ ಹಾಕಿದ್ದನ್ನು ನೋಡಿದ್ದೇನೆ. ಬಾಯಿ ಮಾತ್ರ ಒರಟು ನಿನ್ನದು. ಕೋಕೋ ಚಹಾ ಒಲೆಯ ಮೇಲಿದೆ, ಜಾಯಿಕಾಯಿ ತುರಿದು ಹಾಕಿಕೋ. ಸುಟ್ಟ ದೀವಿಹಲಸನ್ನು ಅತಿಥಿಗಳಿಗೂ ಉಳಿಸು.

ನಿನ್ನ ದೋಣಿ ವಿಹಾರಕ್ಕೆ ಇವತ್ತು ಯಾರೂ ಇಲ್ಲವಂತೆ. ಮುಖ ಊದಿಸಿಕೊಂಡು ದಡದಲ್ಲಿ ಕೂರಬೇಡ. ಕಾಲು ತಿಕ್ಕಿ ತೊಳೆದುಕೊಂಡು ಕಾದಿರು. ಬಂದವರೆಲ್ಲ ಬೀಜ ಸಮನಾಗಿ ಒಣಗಲೆಂದು ಬರಿಗಾಲಲ್ಲಿ ಮಗುಚುತ್ತ ಸಾಲಾಗಿ ನಡೆಯುವಾಗ ಮುಂದೆ ಒಬ್ಬರು ಬೇಕು. ನನ್ನ ಮಂಡಿ ಇನ್ನು ಕೇಳುವುದಿಲ್ಲ. ಅಮ್ಮನ ಹಾಗೆ ಹಾಡುತ್ತ ತುಳಿಯುವುದು ಈ ಊರಿನಲ್ಲಿ ನಿನಗೊಬ್ಬನಿಗೇ ಬರುತ್ತದೆ. ವರ್ಲಿನ್‌ಗೂ ಹಾಗೆಂದೇ ಹೇಳಿಬಿಟ್ಟಿದ್ದೇನೆ.

ಅಕ್ಕ