ಮಾವನ ಕೆಂಪು ನಿಲುವಂಗಿ

ಮೈತ್ರಿಯ ತಾತನಾದ ನಮ್ಮ ಮಾವನವರಿಗೆ,

ನಿಮಗೆ ಕನ್ನಡ ಓದಲು ಬರುತ್ತಿರಲಿಲ್ಲ. ಈಗ ಕಲಿತಿದ್ದೀರಿ ಎಂದುಕೊಂಡಿದ್ದೇನೆ, ಬಿಡುವಂತೂ ಬೇಕಾದಷ್ಟಿದೆ. ಇಂಗ್ಲಿಷಿನಲ್ಲಿ ಬರೆದರೆ ನಿಮ್ಮ ಮಗಳು ನೋರಾ ಓದಿಬಿಡುತ್ತಾಳೆ. ಭಾನುವಾರದಿಂದ ಅವಳು ನನ್ನ ಜೊತೆ ಸರಿಯಾಗಿ ಮಾತಾಡಿಲ್ಲ.

ಮೈಸೂರಿನಲ್ಲಿ ನಮ್ಮ ಮದುವೆಯ ಮಾತಿನ ದಿನ ನಮ್ಮಪ್ಪ ನಿಮ್ಮನ್ನು ಕೇಳಿದ್ದು ನೆನಪಿದೆಯೇ, ಉದ್ಯೋಗ ಏನು ಅಂತ? ಐರ್ಲೆಂಡಿನ ಹಳೆಯ ಮನೆತನ, ಅಣ್ಣ ತೀರಿಕೊಂಡಿದ್ದರಿಂದ ನಾನು ಲಾರ್ಡ್ ಆದೆ, ಲಂಡನ್ನಿನ ಮೇಲ್ಮನೆಯಲ್ಲಿ ಒಂದು ಕುರ್ಚಿ ಬಂತು ಎಂದಿರಿ. “ಅನುಕಂಪದ ನೌಕರಿ ಅನ್ನಿ” ಎಂದರು ಅಪ್ಪ. ನಾನು ಅದನ್ನು ಹಾಗೆಯೇ ಅನುವಾದಿಸಿದೆ. ಎಲ್ಲರಿಗಿಂತ ಜೋರಾಗಿ ನಕ್ಕವರು ನೀವು. ಆಮೇಲೆ ಅದೇ ಮೇಲ್ಮನೆಯಲ್ಲಿ, ವಂಶದಿಂದ ಬಂದ ಕುರ್ಚಿಗಳು ಹೋಗಲಿ ಎಂದು ವಾದಿಸಿ, ಮತ ಹಾಕಿ, ನಿಮ್ಮ ಕುರ್ಚಿಯನ್ನೇ ಕಳೆದುಕೊಂಡು ಬಂದಿರಿ. ಅಧಿಕಾರ ಬಿಟ್ಟು ಅಷ್ಟು ಖುಷಿಯಾಗಿದ್ದ ರಾಜಕಾರಣಿಯನ್ನು ನಮ್ಮ ಕಡೆ ನಾನಂತೂ ಕಂಡಿಲ್ಲ.

ಅತ್ತೆ ಹೋದ ಮೇಲೆ ಮಲೇಷ್ಯಾದ ಸುಬಾಂಗ್ ಜಯಾಕ್ಕೆ, ನಮ್ಮ ಮನೆಗೇ ಬಂದಿರಿ. ಇಲ್ಲಿನ ಕನ್ನಡದವರ ಹಬ್ಬದೂಟವಾದರೆ ಸಾಕು, ಅಂಗಿಯ ತೋಳು ಮಡಚಿ ನೇರ ಪಾತ್ರೆ ತೊಳೆಯುವ ಕಡೆಗೆ. ನೀವು ತೊಳೆಯುವುದು, ಮೈತ್ರಿ ಒರೆಸುತ್ತ, ಸುತ್ತಲಿನವರ ಕನ್ನಡವನ್ನು ನಿಮ್ಮ ಕಿವಿಗೆ ಇಂಗ್ಲಿಷಿನಲ್ಲಿ ಉಸುರುವುದು. ಲಾರ್ಡ್ ಎಂದು ಯಾರಿಗೂ ಹೇಳಬೇಡ ಎಂದಿದ್ದಿರಿ. ಗೊತ್ತಾದರೆ ಕೈಯಿಂದ ಸೋಪು ಕಸಿದುಕೊಳ್ಳುತ್ತಾರೆ ಎಂದಿದ್ದಿರಿ.

ಹೋದ ಭಾನುವಾರ ನಿಮ್ಮ ಹೆಸರಲ್ಲಿ ಊಟ ಹಾಕಿಸಿದೆವು. ನಮ್ಮೂರಿನಲ್ಲಿ ತೀರಿಕೊಂಡವರಿಗೆ ಫ್ಲೆಕ್ಸ್ ಬೇಕೇ ಬೇಕು. ಮನೆಯಲ್ಲಿದ್ದ ಫೋಟೋಗಳಲ್ಲೆಲ್ಲ ನಿಮ್ಮ ಕೈಯಲ್ಲೊಂದು ಪಾತ್ರೆ. ಒಂದರಲ್ಲಿ ಮಾತ್ರ ಮೇಲ್ಮನೆಯ ಕೆಂಪು ನಿಲುವಂಗಿ, ಬಿಳಿ ತುಪ್ಪಳದ ಅಂಚು. “ಯಾರ್ ಸಾರ್ ಇದು, ರಾಜಾವಾ?” ಎಂದ ಪ್ರಿಂಟಿಂಗ್ ಅಂಗಡಿಯ ಸೆಲ್ವಂ. ಲಾರ್ಡ್ ಎಂದೆ. “ಅಪ್ಪೋ ಪೆರಿಸಾ ಪೋಡಲಾಂ ಲಾ!” ಹಾಗಾದರೆ ದೊಡ್ಡದಾಗೇ ಹಾಕೋಣ ಎಂದು ಇಲ್ಲಿಯವರ ‘ಲಾ’ ಹಚ್ಚಿ ಹೇಳಿ, ಆಳೆತ್ತರಕ್ಕೆ ಹಾಕಿದ. ಕೆಳಗೆ ನನ್ನದೊಂದು ಪದ್ಯ: ‘ಐರ್ಲೆಂಡಿನ ಧಣಿ, ನಮ್ಮ ಮನೆಯ ಮಣಿ.’ ಪ್ರಾಸ ಸಿಕ್ಕಿದರೆ ನನ್ನ ತಲೆ ನಿಲ್ಲುವುದಿಲ್ಲ, ನಿಮಗೆ ಗೊತ್ತಲ್ಲ…

ಉಡುಪಿಯ ಡಾಕ್ಟರ್ ಭಟ್ಟರು ಬಾಗಿಲಲ್ಲೇ ನಿಂತರು. “ಎಂತ ಮಾರಾಯ್ರೆ, ಲಾರ್ಡಾ ಇವ್ರು? ನಾನು ಇವ್ರ ಹತ್ರ ಸಾಂಬಾರಿನ ಕೊಪ್ಪರಿಗೆ ತಿಕ್ಕಿಸಿದ್ದೆನಲ್ಲ!” ನಿಮ್ಮ ತಮಾಷೆಗಳನ್ನು ಹೇಳಲೆಂದೇ ಬಂದಿದ್ದವರು ಅವನ್ನು ನುಂಗಿಕೊಂಡು, ಮೈಕಿನ ಮುಂದೆ “ಮಹಾನ್ ಚೇತನ” ಎಂದು ಕೈಮುಗಿದು, ನಿಲುವಂಗಿಯ ಪಕ್ಕ ಸೆಲ್ಫಿ ತೆಗೆದುಕೊಂಡು ಕೂತರು. ಅಷ್ಟೂ ಜನರಿಂದ ನಿಮ್ಮನ್ನು ಕಿತ್ತುಕೊಂಡವನು ನಾನೇ ಅಲ್ಲವೇ? ನೋರಾ ಹತ್ತಿರ ಬಂದು, ತನಗೆ ಬರುವಷ್ಟು ಕನ್ನಡದಲ್ಲಿ ಕೇಳಿದಳು: “ಅಪ್ಪ ಎಲ್ಲಿ? ಇಲ್ಲಿ ಕೋಟು ಮಾತ್ರ ಇದೆ.”

ಮೈತ್ರಿ ಎದ್ದಳು. ನಾನು ಕನ್ನಡದಲ್ಲಿ ಏನು ಕೇಳಿದರೂ ಇಂಗ್ಲಿಷಿನಲ್ಲೇ ಉತ್ತರಿಸುವ ಹುಡುಗಿ ಮೈಕು ಹಿಡಿದಳು. “ತಾತ ತೊಳೀತಿದ್ರು, ನಾನು ಒರೆಸ್ತಿದ್ದೆ. ಭಟ್ ಅಂಕಲ್‌ದು ಪಾತ್ರೆ ಟೂ ಬಿಗ್ ಲಾ. ತಾತ ಅದ್ರೊಳಗೆ ತಲೆ ಹಾಕಿ ಹಾಡ್ತಿದ್ರು.” ಭಟ್ಟರು ಮೊದಲು ನಕ್ಕರು, ಆಮೇಲೆ ಕಣ್ಣೊರೆಸಿಕೊಂಡರು. “ಆ ಹಾಡು ನಾನೂ ಕೇಳಿದ್ದೇನೆ, ದೇವರೇ, ಎಂತಾ ಸ್ವರ!” ಎಂದರು. ಅಲ್ಲಿಂದ ಒಬ್ಬೊಬ್ಬರದೂ ಬಾಯಿ ಬಿಚ್ಚಿತು. ನಾನು ಸದ್ದಿಲ್ಲದೆ ಹೋಗಿ ಫ್ಲೆಕ್ಸ್ ಸುತ್ತಿಟ್ಟೆ.

ನಿಮಗೆ ಗೊತ್ತಿಲ್ಲದ ಸುದ್ದಿ: ಗಂಡು ವಾರಸುದಾರರಿಲ್ಲದ್ದರಿಂದ ಆ ಲಾರ್ಡ್ ಪದವಿ ನಿಮ್ಮೊಂದಿಗೇ ಮುಗಿಯಿತಂತೆ. ಪಾತ್ರೆಯ ಕೆಲಸ ಮಾತ್ರ ಖಾಲಿ ಇದೆ. ದೀಪಾವಳಿಯ ಊಟಕ್ಕೆ ಆ ಜಾಗದಲ್ಲಿ ನಾನು ನಿಲ್ಲುತ್ತೇನೆ, ಮಾವ. ಅನುಕಂಪದ ನೌಕರಿ ಎಂದೇ ತಿಳಿಯಿರಿ. ಇವತ್ತು ಬೆಳಿಗ್ಗೆ ಮೈತ್ರಿಗೆ ಹೇಳಿದೆ.

“ಅಪ್ಪ, ನೀನು ತೊಳೆದ್ರೆ ನಾನು ಮತ್ತೆ ತೊಳೀಬೇಕು” ಎಂದಳು, ಕನ್ನಡದಲ್ಲೇ.

ಅಡುಗೆಮನೆಯಲ್ಲಿ ನೋರಾ ನಕ್ಕಿದ್ದು ಕೇಳಿಸಿತು.

ನಿಮ್ಮ ಅಳಿಯ